ಅಳಿಯ ತಂದ ಚಾಕು

ಅಮೆರಿಕದಿಂದ ಬರುವವರು ಬಾದಾಮಿ ತರುತ್ತಾರೆ, ಚಾಕೊಲೇಟು ತರುತ್ತಾರೆ, ಮೊಣಕಾಲಿಗೆ ತಿಕ್ಕಿಕೊಳ್ಳುವ ಮುಲಾಮು ತರುತ್ತಾರೆ. ಟೆಕ್ಸಾಸಿನಲ್ಲಿರುವ ನನ್ನ ತಂಗಿಯ ಮಗ ಈ ಸಲ ನನಗೊಂದು ಚಾಕು ತಂದ. ತರಕಾರಿ ಹೆಚ್ಚುವುದಲ್ಲ, ಪೆನ್ಸಿಲ್ ಹೆರೆಯುವುದೂ ಅಲ್ಲ. ಜಿಂಕೆ ಸುಲಿಯುವ ಚಾಕು. ಚರ್ಮದ ಒರೆ, ಒರೆಗೊಂದು ಹಿತ್ತಾಳೆಯ ಗುಂಡಿ, ಹಿಡಿಗೆ ಜಿಂಕೆ ಕೊಂಬಿನಂತೆ ಕಾಣುವ ಪ್ಲಾಸ್ಟಿಕ್ಕು. ಅಲಗಿನ ಬೆನ್ನ ಮೇಲೆ, ತುದಿಯ ಹತ್ತಿರ, ಗಿಳಿಯ ಮೂತಿಯ ಹಾಗೆ ಒಳಕ್ಕೆ ಬಾಗಿದ ಸಣ್ಣದೊಂದು ಕೊಕ್ಕೆ. ಅದನ್ನು ಸೂಟ್‌ಕೇಸಿನ ತಳದಲ್ಲಿ ಬನಿಯನ್ನುಗಳ ನಡುವೆ ಮಲಗಿಸಿ ಹೈದರಾಬಾದಿಗೆ ಇಳಿದು, ಅಲ್ಲಿಂದ ಕಾರಿನಲ್ಲಿ ರಾಯಚೂರಿಗೆ ಬಂದಿದ್ದ.

“ಮಾಮಾ, ನಾವು ಬ್ಯಾಡ್ರಲ್ಲೇನು? ಮನ್ಯಾಗ ಒಂದು ಚಲೋ ಚಾಕು ಇರಬೇಕು,” ಅಂದ.

ನನ್ನ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ಚಾಕುವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. “ಇದರಾಗ ಉಳ್ಳಾಗಡ್ಡಿ ಹೆಚ್ಚಾಕ ಬರ್ತದೇನು ಕೇಳ್ರಿ,” ಎಂದು ಒಳಗೆ ಹೋದಳು.

ನಾವು ಬೇಡರು ಎನ್ನುವುದು ಹೌದು. ಮೂಲ ಊರು ದೇವದುರ್ಗದ ಕಡೆಯ ಒಂದು ಹಳ್ಳಿ. ಆದರೆ ನಾನು ಮೂವತ್ನಾಲ್ಕು ವರ್ಷ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿದವನು. ಆಯುಧವೆಂದು ಕೈಯಲ್ಲಿ ಹಿಡಿದದ್ದು ರಬ್ಬರ್ ಸ್ಟಾಂಪು. ಸಣ್ಣ ವಯಸ್ಸಿಗೇ ದಪ್ಪ ಗಾಜಿನ ಕನ್ನಡಕ ಬಂದು ಶಾಲೆಯಲ್ಲಿ ಹುಡುಗರು ‘ಬೇಡರ ಕಣ್ಣಪ್ಪ’ ಎಂದು ಕರೆಯುತ್ತಿದ್ದರು. ರಾಜಕುಮಾರ್ 1954ರಲ್ಲಿ ಆ ಹೆಸರಿನ ಸಿನಿಮಾದಿಂದ ನಾಯಕನಟರಾದರು. ನನಗೆ ಅದೇ ಹೆಸರಿನಿಂದ ಸಿಕ್ಕಿದ್ದು ಹಿಂದಿನ ಬೆಂಚು.

ಪ್ರಾಣಿ ಮತ್ತು ಚಾಕು ಎರಡಕ್ಕೂ ನನಗಿದ್ದ ನಂಟು ಒಂದೇ. ಕುರಿ ಸಾಲ ಕೊಡುವಾಗ ಕುರಿಯ ಕಿವಿಗೆ ವಿಮೆಯ ಬಿಲ್ಲೆ ಹೊಡೆಯುತ್ತಿದ್ದರು. ಕುರಿ ಸತ್ತರೆ ಬಿಲ್ಲೆ ತೋರಿಸಬೇಕು, ಇಲ್ಲದಿದ್ದರೆ ವಿಮೆಯ ದುಡ್ಡು ಬರುವುದಿಲ್ಲ. ಹಾಗಾಗಿ ನಮ್ಮ ರೈತರು ಸತ್ತ ಕುರಿಯ ಕಿವಿಯನ್ನೇ ಬಿಲ್ಲೆ ಸಮೇತ ಕೊಯ್ದು, ಹಳೇ ಪೇಪರಿನಲ್ಲಿ ಸುತ್ತಿ ತಂದು, ನಾನು ಡಬ್ಬಿ ಬಿಚ್ಚಿ ರೊಟ್ಟಿ ಮುರಿಯುವ ಹೊತ್ತಿಗೆ ಸರಿಯಾಗಿ ಟೇಬಲ್ಲಿನ ಮೇಲೆ ಇಡುತ್ತಿದ್ದರು. “ಸಾಹೇಬ್ರ, ಕಿವಿ.” ನಾನು ಒಂದು ಕೈಯಲ್ಲಿ ಮೂಗು ಮುಚ್ಚಿಕೊಂಡು ಇನ್ನೊಂದರಲ್ಲಿ ನಂಬರು ಬರೆದುಕೊಳ್ಳುತ್ತಿದ್ದೆ. ಬೇಡರ ಕುಲದಲ್ಲಿ ಹುಟ್ಟಿ ನಾನು ಮಾಡಿದ ಬೇಟೆ ಇಷ್ಟೇ.

ಹಿಂದಿನವರು ಹೀಗಿರಲಿಲ್ಲ. 1705ರಲ್ಲಿ ಔರಂಗಜೇಬ ಮುಪ್ಪಿನಲ್ಲಿ ಖುದ್ದು ದಂಡು ತೆಗೆದುಕೊಂಡು ಬಂದು ವಾಗಿನಗೇರಿ ಕೋಟೆಯ ಮುಂದೆ ತಿಂಗಳುಗಟ್ಟಲೆ ಕೂತದ್ದು ಸುರಪುರದ ಬೇಡ ನಾಯಕರ ದೆಸೆಯಿಂದ. ಹಲಗಲಿಯ ಬೇಡರಂತೂ 1857ರಲ್ಲಿ, ಆಯುಧ ಒಪ್ಪಿಸಿ ಎಂದು ಕಂಪನಿ ಸರ್ಕಾರ ಕಾನೂನು ತಂದಾಗ, ಒಪ್ಪಿಸುವುದಿಲ್ಲ ಎಂದು ಪ್ರಾಣವನ್ನೇ ಒಪ್ಪಿಸಿದರು. ಈಗ ನಮ್ಮ ರಾಯಚೂರು ಜಿಲ್ಲೆಯ ಏಳು ವಿಧಾನಸಭಾ ಕ್ಷೇತ್ರಗಳಲ್ಲಿ ದೇವದುರ್ಗ, ಮಾನ್ವಿ, ಮಸ್ಕಿ, ರಾಯಚೂರು ಗ್ರಾಮೀಣ, ಈ ನಾಲ್ಕೂ ಪರಿಶಿಷ್ಟ ಪಂಗಡಕ್ಕೆ ಮೀಸಲು. ನಮ್ಮವರ ಬೇಟೆಯೆಲ್ಲ ಈಗ ಟಿಕೆಟ್ಟಿನದು. ಅದಕ್ಕೂ ಹೊಂಚು ಬೇಕು, ಬಲೆ ಬೇಕು, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ತಿಳಿಯುವ ಮೂಗು ಬೇಕು.

ಅಳಿಯ ಕಾಫಿ ಕುಡಿಯುತ್ತ ತನ್ನ ಬೇಟೆಯ ಕಥೆ ಹೇಳಿದ. ಅಲ್ಲಿ ಬೇಟೆಗೆ ತರಗತಿ ಉಂಟು, ಪಾಸು ಮಾಡಬೇಕು, ಲೈಸೆನ್ಸಿಗೆ ದುಡ್ಡು ಕಟ್ಟಬೇಕು. ನವೆಂಬರಿನಲ್ಲಿ ಜಿಂಕೆಯ ಸೀಜನ್ನು. ಇಂತಿಷ್ಟೇ ಹೊಡೆಯಬೇಕು, ಹೊಡೆದದ್ದಕ್ಕೆ ಚೀಟಿ ಕಟ್ಟಬೇಕು. ಹೊಡೆದ ಮೇಲೇ ನಿಜವಾದ ಕೆಲಸ ಶುರು. ಬಿದ್ದ ಜಾಗದಲ್ಲೇ ಹೊಟ್ಟೆ ಸೀಳಿ ಕರುಳು-ಗುಂಡಿಗೆ ತೆಗೆಯದಿದ್ದರೆ ಒಳಗಿನ ಕಾವಿಗೆ ಮಾಂಸ ಕೆಡುತ್ತದೆ. ಟೆಕ್ಸಾಸಿನಲ್ಲಿ ನವೆಂಬರಿನಲ್ಲೂ ಮಧ್ಯಾಹ್ನ ಬಿಸಿಲೇ. ಆ ಅವಸರಕ್ಕೆ ಈ ಚಾಕು. ಕೊಕ್ಕೆ ಯಾಕೆಂದರೆ, ಹೊಟ್ಟೆ ಸೀಳುವಾಗ ಚಾಕುವಿನ ಮೊನೆ ಕರುಳಿಗೆ ತಗುಲಿದರೆ ಒಳಗಿದ್ದದ್ದೆಲ್ಲ ಮಾಂಸಕ್ಕೆ ಬಡಿದು ಹೊಲಸಾಗುತ್ತದೆ. ಕೊಕ್ಕೆಯನ್ನು ತೊಗಲಿಗೆ ಸಿಕ್ಕಿಸಿ ಎಳೆದರೆ, ಅಂಗಿಯ ಜಿಪ್ ಎಳೆದ ಹಾಗೆ, ಮೇಲಿನದಷ್ಟೇ ಬಿಚ್ಚಿಕೊಳ್ಳುತ್ತದೆ.

ಯೋಚಿಸಿದರೆ ನಗು ಬರುತ್ತದೆ. ಅಲ್ಲಿ ಬೇಡನಾಗಬೇಕಾದರೆ ಪರೀಕ್ಷೆ ಪಾಸಾಗಬೇಕು. ಇಲ್ಲಿ ಹುಟ್ಟಿದರೆ ಸಾಕು, ಆದರೆ ಬೇಟೆಯಾಡಿದರೆ ಜೈಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಕೃಷ್ಣಮೃಗಕ್ಕೆ ಕೈ ಹಚ್ಚಿದವನಿಗೆ ಕನಿಷ್ಠ ಮೂರು ವರ್ಷ, ಹೆಚ್ಚೆಂದರೆ ಏಳು. ಯುಗಾದಿಯ ಆಸುಪಾಸಿನಲ್ಲಿ ಹಲಗೆ ಬಾರಿಸಿಕೊಂಡು ಊರಿಗೆ ಊರೇ ಮೊಲದ ಬ್ಯಾಟಿಗೆ ಹೊರಡುತ್ತಿದ್ದದ್ದನ್ನು ನಾನು ಸಣ್ಣವನಿದ್ದಾಗ ನೋಡಿದ್ದೇನೆ. ಈಗ ಹೊರಟರೆ ಅರಣ್ಯ ಇಲಾಖೆಯ ಜೀಪು ಹಿಂದೆ ಬರುತ್ತದೆ. ಬರಬೇಕಾದದ್ದೇ, ನನಗೆ ತಕರಾರಿಲ್ಲ. ದೇವದುರ್ಗದ ಎರೆಹೊಲದಲ್ಲಿ ಜಿಂಕೆಯ ಹಿಂಡು ನೆಗೆಯುವುದನ್ನು ಬಸ್ಸಿನ ಕಿಟಕಿಯಿಂದ ನೋಡಿದವರಿಗೆ, ಅದನ್ನು ಸುಲಿಯಬೇಕು ಎನ್ನುವ ಆಸೆ ಹುಟ್ಟಲಾರದು. ಕಡಲೆ ಬಿತ್ತಿದ ರೈತನನ್ನು ಮಾತ್ರ ಈ ಮಾತಿಗೆ ಸಾಕ್ಷಿ ಕರೆಯಬೇಡಿ.

ಕಾನೂನಿನ ಮಾತು ಬಂತು ಎಂದು ನನ್ನೊಳಗಿನ ಗುಮಾಸ್ತ ಎದ್ದು ಕೂತ. ಆಯುಧ ನಿಯಮಗಳ ಪ್ರಕಾರ ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗು ಆಯುಧದ ಲೆಕ್ಕಕ್ಕೆ ಬರುತ್ತದೆ. ಮನೆ ಬಳಕೆ, ಒಕ್ಕಲುತನ, ಕೈಗಾರಿಕೆಗೆಂದು ಮಾಡಿದ್ದಕ್ಕೆ ವಿನಾಯಿತಿ. ಹೆಂಡತಿಯ ಹೊಲಿಗೆ ಟೇಪು ತಂದು ಅಳೆದೆ. ಮೂರೂವರೆ ಇಂಚು ಉದ್ದ, ಒಂದಕ್ಕಿಂತ ಚೂರು ಹೆಚ್ಚು ಅಗಲ. ಪಾಸು.

ನಿವೃತ್ತನಿಗೆ ಹೊಸ ಆಟಿಕೆ ಸಿಕ್ಕರೆ ಏನಾಗುತ್ತದೆ? ಓದು ಶುರುವಾಗುತ್ತದೆ. ಬೇಟೆಯ ಬಗ್ಗೆ ಕನ್ನಡದಲ್ಲಿ ಏನೇನಿದೆ ಎಂದು ಮನೆಯ ಪುಸ್ತಕಗಳನ್ನೆಲ್ಲ ತೆಗೆದೆ. ಮೊದಲು ಸಿಕ್ಕಿದ್ದು ಆತಕೂರು ಶಾಸನ, ಮದ್ದೂರು ಸೀಮೆಯದು, ಹತ್ತನೆಯ ಶತಮಾನದ ನಡುವಿನದು. ಗಂಗರ ಬೂತುಗನ ಭಂಟ ಮಣಲೆರ. ಅವನ ಪರಾಕ್ರಮಕ್ಕೆ ಮೆಚ್ಚಿದ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣ ಏನು ಬೇಕೋ ಕೇಳು ಅಂದಾಗ, ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ‘ಕಾಳಿ’ ಎಂಬ ಬೇಟೆನಾಯಿಯನ್ನು ಕೇಳಿದ. ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ಸತ್ತು ನಾಯಿಯೂ ಸತ್ತಿತು. ನಾಯಿಗೆ ಕಲ್ಲು ನಿಲ್ಲಿಸಿದರು, ಕಲ್ಲಿಗೆ ಭೂಮಿ ಬಿಟ್ಟರು, ಆ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ನಿನಗೆ ಎಂದು ಗೊರವನಿಗೆ ಆಣೆಯನ್ನೂ ಇಟ್ಟರು. ಇಷ್ಟೆಲ್ಲ ಬರೆದವರು ಒಂದು ವಿಷಯ ಬಿಟ್ಟಿದ್ದಾರೆ. ಆ ಹಂದಿಯನ್ನು ಆಮೇಲೆ ಹಸನು ಮಾಡಿದವರು ಯಾರು? ಅಷ್ಟು ದೊಡ್ಡ ಹಂದಿ ಸುಮ್ಮನೆ ಕೊಳೆತಿರಲಾರದು.

ಆ ಪ್ರಶ್ನೆಗೆ ನಮ್ಮ ಕಡೆಯ ದೊರೆಯೊಬ್ಬ ಉತ್ತರ ಬರೆದಿಟ್ಟಿದ್ದಾನೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಇರುವುದು ಸಂಸ್ಕೃತದಲ್ಲಿ, ಆದರೆ ಅದರ ಹೊಗೆಯೆಲ್ಲ ಕಲ್ಯಾಣದ ಅಡುಗೆಮನೆಯದೇ. ಹಂದಿಯ ಮೇಲೆ ಬಿಳಿ ಬಟ್ಟೆ ಹೊದಿಸಿ, ಕೂದಲು ಕೈಗೆ ಕಿತ್ತು ಬರುವ ತನಕ ಬಿಸಿನೀರು ಸುರಿಯಬೇಕಂತೆ; ಇಲ್ಲವೆ ಮಣ್ಣು ಮೆತ್ತಿ ಹುಲ್ಲಿನ ಬೆಂಕಿಯಲ್ಲಿ ಸುಡಬೇಕಂತೆ. ಹೊಲದ ಇಲಿಯನ್ನು ಹುರಿಯುವುದಕ್ಕೂ ಅದರಲ್ಲಿ ಕ್ರಮವಿದೆ. ಈ ಭಾಗವನ್ನು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿ ಆ ರಾತ್ರಿ ಊಟಕ್ಕೆ ಮೊಸರನ್ನ ಪಡೆದೆ.

ಇನ್ನೂ ಹಿಂದಕ್ಕೆ ಹೋದರೆ ಕಬ್ಬಿಣವೇ ಇಲ್ಲ. ಮುದಗಲ್ಲಿನ ಹತ್ತಿರದ ಪಿಕ್ಲಿಹಾಳದಲ್ಲಿ ರೇಮಂಡ್ ಆಲ್ಚಿನ್ ಅಗೆದು ತೆಗೆದದ್ದು, ಮಸ್ಕಿಯಲ್ಲಿ 1954ರಲ್ಲಿ ಬಿ.ಕೆ. ಥಾಪರ್ ಅಗೆದಾಗ ಸಿಕ್ಕಿದ್ದು, ಎರಡರಲ್ಲೂ ಕಲ್ಲಿನ ಅಲಗುಗಳಿವೆ. ಬೆರಳುದ್ದದ, ಉಗುರಿನಷ್ಟು ತೆಳ್ಳಗಿನ ಚಕ್ಕೆಗಳು. ಕುರಿ-ದನ ಸಾಕಿದ ಆ ಜನ ಅದರಲ್ಲೇ ಕೊಯ್ದರು, ಅದರಲ್ಲೇ ಸುಲಿದರು. ಮೊಂಡಾದರೆ ಎಸೆದು ಇನ್ನೊಂದು ಚಕ್ಕೆ ಎಬ್ಬಿಸಿದರು. ಅಳಿಯನಿಗೆ ಇದನ್ನು ಹೇಳಿದೆ. “ನಮ್ಮಲ್ಲೂ ಈಗ ಅದೇ ಮಾಮಾ. ಬ್ಲೇಡ್ ಬದಲಿ ಮಾಡೋ ಚಾಕು ಬಂದಾವ. ಮಸಿಯಾದೇ ಇಲ್ಲ, ಒಗದು ಹೊಸಾದು ಹಾಕಾದು,” ಅಂದ. ನಾಲ್ಕು ಸಾವಿರ ವರ್ಷ ಸುತ್ತು ಹಾಕಿ ಟೆಕ್ಸಾಸು ಪಿಕ್ಲಿಹಾಳಕ್ಕೆ ಬಂದು ನಿಂತಿದೆ.

ಅಷ್ಟರಲ್ಲಿ ಚಾಕು ಮೊಂಡಾಯಿತು. ಜಿಂಕೆ ಸುಲಿದಲ್ಲ. ನನ್ನ ಹೆಂಡತಿ ಅದರಲ್ಲಿ ತೆಂಗಿನಕಾಯಿಯ ಗಿಟಕು ಮೀಟಿದ್ದಳು. ಅಲಗಿನ ನಡುವೆ ಎಳ್ಳುಕಾಳಿನಷ್ಟು ಚಕ್ಕೆ ಹಾರಿತ್ತು. ತೀನ್ ಕಂದೀಲಿನ ಹತ್ತಿರ ಸೈಕಲ್ಲಿಗೆ ಸಾಣೆಚಕ್ರ ಕಟ್ಟಿಕೊಂಡು ಬರುವ ಒಬ್ಬರಿದ್ದಾರೆ. ಪೆಡಲ್ ತುಳಿದರು, ಕಿಡಿ ಹಾರಿತು, ಚಾಕು ಹಾಗೇ ಇತ್ತು. ಎತ್ತಿ ಬೆಳಕಿಗೆ ಹಿಡಿದು, “ಭೋತ್ ಕಡಕ್ ಹೈ ಸಾಬ್. ಮೇರೇ ಪತ್ಥರ್ ಕೂ ಖಾರಾ,” ಎಂದು ವಾಪಸು ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಚಾಕುವೇ ಕಲ್ಲನ್ನು ತಿಂದಿದ್ದಕ್ಕೆ ನಾನೇ ಏನಾದರೂ ಕೊಡಬೇಕಿತ್ತೇನೋ.

ಮಾನ್ವಿಯಲ್ಲಿ ಹೆಂಡತಿಯ ತವರಿಗೆ ಬೇಕಾದ ಕಮ್ಮಾರರೊಬ್ಬರಿದ್ದಾರೆ ಎಂದು ಮಾನ್ವಿಗೆ ಹೋದೆವು. ಮಾನ್ವಿಯೆಂದರೆ ಜಗನ್ನಾಥದಾಸರ ಊರು. ‘ಹರಿಕಥಾಮೃತಸಾರ’ ಬರೆದ ದಾಸರು ಅಲ್ಲಿ ಕಂಬದಲ್ಲಿ ನೆಲೆಸಿದ್ದಾರೆಂದು ನಂಬಿ ಜನ ಬರುತ್ತಾರೆ. ಸುಲಿಯುವ ಚಾಕುವನ್ನು ಜೇಬಿನಲ್ಲಿಟ್ಟುಕೊಂಡು ಅಂಥ ಊರಿನಲ್ಲಿ ಓಡಾಡುವುದು ನನಗೇ ಸಂಕೋಚವಾಗಿ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡಿದ್ದೆ.

ಕಮ್ಮಾರರಿಗೆ ಈಗ ಕುಡುಗೋಲಿನ ಕೆಲಸ ಇಲ್ಲ. ತುಂಗಭದ್ರಾ ಎಡದಂಡೆಯ ನೀರು ಬಂದ ಮೇಲೆ ಮಾನ್ವಿಯಲ್ಲೆಲ್ಲ ಭತ್ತ, ಭತ್ತ ಕೊಯ್ಯಲು ಮಷೀನು. “ಈಗ ನಮ್ಮನ್ನ ಬದುಕಿಸಿದ್ದು ಕೋಳಿ ಅಂಗಡಿಯವ್ರು,” ಅಂದರು. ಗೋಡೆಗೆ ಒರಗಿಸಿದ್ದೆಲ್ಲ ಮಚ್ಚು, ಚೂರಿ. ಎಲ್ಲ ಲಾರಿಯ ಕಮಾನು ಪಟ್ಟಿಯಿಂದ ಬಡಿದದ್ದು. ಅಳಿಯನ ಚಾಕುವನ್ನು ಕೈಗೆ ತೆಗೆದುಕೊಂಡು ಉಗುರಿನಿಂದ ಮೀಟಿದರು. ಅದು ಟಿಣ್ ಎಂದಿತು. ತಮ್ಮದೊಂದನ್ನು ಮೀಟಿದರು, ಟಕ್ ಎಂದಿತು.

“ಇದು ಗಡಸು ಜಾಸ್ತಿ ಅದ್ರಿ. ಧಾರ ಹಿಡದ್ರ ಭಾಳ ದಿನ ಇರ್ತದ. ಹೋದ್ರ ನಮ್ಮಂಥೋರ ಕೈಗೆ ಬಗ್ಗಂಗಿಲ್ಲ. ಎಲುಬಿಗೆ ತಗಲಿದ್ರ ಚಕ್ಕಿ ಹಾರ್ತದ.”

“ಎಲುಬಿಗಲ್ಲ, ತೆಂಗಿನಕಾಯಿಗೆ,” ಎಂದೆ. ಹೆಂಡತಿ ಕುಲುಮೆಯ ಕಡೆ ನೋಡುತ್ತಿದ್ದಳು.

ಹಾಗಿದ್ದರೆ ನೀವೇ ಒಂದು ಮಾಡಿಕೊಡಿ ಎಂದು ಅಳಿಯ ಕೇಳಿದ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಯಾತಕ್ಕ? ಕಡಿಯಾಕೋ, ಕೊಯ್ಯಾಕೋ, ಸುಲಿಯಾಕೋ?”

ಚಾಕು ಆರಿಸುವ ಶಾಸ್ತ್ರವೆಲ್ಲ ಈ ಮೂರು ಕ್ರಿಯಾಪದಗಳಲ್ಲಿ ಮುಗಿಯುತ್ತದೆ ಎಂದು ನನಗೆ ಆಗ ಹೊಳೆಯಿತು. ಕಡಿಯಲು ಭಾರ ಬೇಕು, ಅದಕ್ಕೆ ಮಚ್ಚು. ಕೊಯ್ಯಲು ಉದ್ದ ಬೇಕು, ಕೈ ಹಿಂದೆ ಮುಂದೆ ಆಡಬೇಕು. ಸುಲಿಯಲು ಎರಡೂ ಬೇಡ. ಅಂಗೈಯಗಲದ ಅಲಗು, ಬಾಳೆಕಾಯಿಯ ಹಾಗೆ ಕೊಂಚ ಹೊಟ್ಟೆ ಬಿಟ್ಟ ಬಾಯಿ, ಚುಚ್ಚದ ಮೊನೆ. ಮೊನೆ ಚೂಪಾಗಿದ್ದರೆ ತೊಗಲು ತೂತಾಗುತ್ತದೆ. ಬಾಳೆಹಣ್ಣು ಸುಲಿಯುತ್ತೇವೆ, ಕಡಲೆಕಾಯಿ ಸುಲಿಯುತ್ತೇವೆ, ಯಾವುದಕ್ಕೂ ಚಾಕು ಬೇಡ. ಸುಲಿಗೆ ಎನ್ನುವ ಮಾತು ಹುಟ್ಟಿದ್ದೂ ಇದರಿಂದಲೇ, ಅದಕ್ಕೆ ಈಗ ಬೇಕಾಗಿರುವುದು ಒಂದು ಫೋನು.

ಕಮಾನು ಪಟ್ಟಿಯ ತುಂಡು ಕುಲುಮೆಗೆ ಹೋಯಿತು. ಬಡಿತ ಮುಗಿದು, ಕೆಂಪಗೆ ಕಾದ ಅಲಗನ್ನು ಎಣ್ಣೆಯಲ್ಲಿ ಅದ್ದಿದಾಗ ಎದ್ದ ಹೊಗೆಗೆ ನನ್ನ ಕನ್ನಡಕ ಮಬ್ಬಾಯಿತು. ಆಮೇಲಿನದು ನನಗೆ ಬಹಳ ಇಷ್ಟವಾದ ಕೆಲಸ. ಅದ್ದಿದ ಅಲಗು ಗಾಜಿನಷ್ಟು ಗಡಸು, ಬಿದ್ದರೆ ಮುರಿಯಬಹುದು. ಅದನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿ ಮತ್ತೆ ಕೆಂಡದ ಬದಿಗೆ, ಕೆಂಡಕ್ಕೆ ತಾಗದ ಹಾಗೆ ಹಿಡಿದರು. ಬೆಳ್ಳಿಯಂತಿದ್ದ ಅಲಗಿನ ಮೇಲೆ ಮೆಲ್ಲಗೆ ಬಣ್ಣ ಏರತೊಡಗಿತು. “ಕಣಿಕಿ ಬಣ್ಣ ಬಂತ್ ನೋಡ್ರಿ,” ಎಂದವರೇ ತೆಗೆದುಬಿಟ್ಟರು. ಒಣಗಿದ ಜೋಳದ ದಂಟಿನ ಬಣ್ಣವೇ ಅದು, ತುಸುವೂ ಹೆಚ್ಚು ಕಡಿಮೆ ಇಲ್ಲ. ಇನ್ನೊಂದು ಚಣ ಬಿಟ್ಟಿದ್ದರೆ ಬದನೆಕಾಯಿ ಬಣ್ಣಕ್ಕೆ ತಿರುಗಿ ಅಲಗು ಮೆತ್ತಗಾಗುತ್ತಿತ್ತಂತೆ. ಥರ್ಮಾಮೀಟರು ಇಲ್ಲ, ಗಡಿಯಾರ ಇಲ್ಲ. ಜೋಳ ಬಿಟ್ಟು ಊರೆಲ್ಲ ಭತ್ತ ಬೆಳೆದರೂ ಮಾನ್ವಿಯ ಕಬ್ಬಿಣಕ್ಕೆ ಮಾತ್ರ ಇನ್ನೂ ಕಣಿಕಿಯೇ ಅಳತೆ.

ಅಲ್ಲಿಂದ ಮುಂದಿನ ವಾರ ದೇವದುರ್ಗದ ಕಡೆಯ ನಮ್ಮ ಹಳ್ಳಿಯಲ್ಲಿ ದ್ಯಾವರು, ಅಂದರೆ ದೇವಿಗೆ ಬಲಿಕೊಟ್ಟು ಉಣ್ಣುವ ಕಾರ್ಯ. ಅಮ್ಮನಿಗೆ ಎರಡು ಟಗರು. ಕೆಂಗುರಿ ಎಂದು ನಮ್ಮ ರಾಯಚೂರು-ಕೊಪ್ಪಳ ಸೀಮೆಯದೇ ತಳಿ. ಕೆಂದು ಮೈ, ಎತ್ತರದ ಕಾಲು. ಬಿಸಿಲು ಏರುವ ಮೊದಲೇ ಎಲ್ಲ ಮುಗಿಯಬೇಕು. ಅಳಿಯ ಎರಡೂ ಚಾಕುಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಲಗಲಿಗೆ ಹೊರಟವನ ಹಾಗೆ ಬಂದಿದ್ದ.

ನಮ್ಮ ಹಳ್ಳಿಯಲ್ಲಿ ಮೊದಲಿಂದಲೂ ಮುಲ್ಲಾ ಬಂದು ಹಲಾಲು ಮಾಡುವುದು ರೂಢಿ. ದೇವಿ ನಮ್ಮವಳು, ಚೂರಿ ಅವರದು, ಪಾಲು ಇಬ್ಬರಿಗೂ. ಅವರು ಚೂರಿಯನ್ನು ಜಾಲಿಗಿಡದ ಹಿಂದೆ ಹೋಗಿ ಮಸೆದು, ಬೆನ್ನ ಹಿಂದೆ ಹಿಡಿದುಕೊಂಡು ಬಂದರು. ಪ್ರಾಣಿಯ ಕಣ್ಣೆದುರು ಮಸೆಯಬಾರದು, ಮೊಂಡು ಚೂರಿಯಲ್ಲಿ ಅದನ್ನು ನೋಯಿಸಬಾರದು ಎಂದು ಅವರ ಧರ್ಮದಲ್ಲಿದೆ. ಚಾಕುವಿನ ಬಗ್ಗೆ ನಾನು ಕೇಳಿದ್ದರಲ್ಲಿ ಇದಕ್ಕಿಂತ ಒಳ್ಳೆಯ ನಿಯಮ ಇನ್ನೊಂದಿಲ್ಲ.

ಅಲ್ಲಿಂದ ಮುಂದೆ ಮುತ್ಯಾನ ಕೆಲಸ. ಎಪ್ಪತ್ತೈದು ದಾಟಿರಬೇಕು. ಊರಲ್ಲಿ ಯಾರ ಮನೆಯಲ್ಲಿ ದ್ಯಾವರಾದರೂ ಸುಲಿಯುವವನು ಇವನೇ. ಅವನ ಚಾಕುವನ್ನು ನೋಡಿ ಅಳಿಯನಿಗೆ ನಿರಾಸೆಯಾಯಿತು. ಹೊಸದರಲ್ಲಿ ಒಂದು ಗೇಣಿದ್ದದ್ದು ಮಸೆದು ಮಸೆದು ನಾಲ್ಕು ಬೆರಳಿಗೆ ಇಳಿದಿತ್ತು. ಮೊನೆ ಉಗುರಿನಂತೆ ದುಂಡಗೆ. ಹಿಡಿಗೆ ಸೈಕಲ್ ಟ್ಯೂಬು ಸುತ್ತಿತ್ತು, ಕೊಬ್ಬು ಹತ್ತಿದ ಕೈಯಲ್ಲೂ ಜಾರಬಾರದು ಎಂದು.

ಮುತ್ಯಾ ಟಗರಿನ ಹಿಂಗಾಲಿನಲ್ಲಿ ಹೆಬ್ಬೆರಳಗಲ ತೊಗಲು ಸೀಳಿದ. ಕೊಡೆಯ ಕಡ್ಡಿಯೊಂದನ್ನು ತೊಗಲು-ಮಾಂಸದ ನಡುವೆ ತೂರಿಸಿ ದಾರಿ ಮಾಡಿದ. ಮೊಮ್ಮಗ ಸೈಕಲ್ ಪಂಪು ತಂದು ಹಚ್ಚಿದ. ಮೊದಲು ಬಾಯಿಂದಲೇ ಊದುತ್ತಿದ್ದರು, ಈಗ ಮುತ್ಯಾನಿಗೆ ದಮ್ಮು ಸಾಲದು. ಹತ್ತಿಪ್ಪತ್ತು ಸಲ ಒತ್ತುವುದರಲ್ಲಿ ಟಗರು ಉಬ್ಬಿ ಬಿಗಿಯಾಯಿತು. ಮುತ್ಯಾ ಅದರ ಮೈಮೇಲೆ ಅಂಗೈಯಿಂದ ತಟ್ಟಿದ, ಡೊಳ್ಳಿನ ಸದ್ದೇ ಬಂತು. ಆ ಗಾಳಿ ತೊಗಲನ್ನು ಅರ್ಧಕ್ಕರ್ಧ ಬಿಡಿಸಿಬಿಟ್ಟಿರುತ್ತದೆ. ಬೇವಿನ ಟೊಂಗೆಗೆ ತಲೆಕೆಳಗಾಗಿ ಕಟ್ಟಿ, ಎರಡೂ ತೊಡೆಯ ಒಳಗಡೆಯಿಂದ ಒಂದು ಗೆರೆ ಎಳೆದು, ಚಾಕುವನ್ನು ಹಲ್ಲಲ್ಲಿ ಕಚ್ಚಿಕೊಂಡ.

ಆಮೇಲೆ ಚಾಕು ಅಲ್ಲೇ ಉಳಿಯಿತು, ಹಲ್ಲಲ್ಲಿ. ಮುತ್ಯಾ ಮುಷ್ಟಿ ಕಟ್ಟಿ ತೊಗಲಿನ ಒಳಗೆ ಇಳಿಸಿದ. ಒಂದು ಕೈ ತೊಗಲನ್ನು ಕೆಳಗೆ ಜಗ್ಗುತ್ತಿತ್ತು, ಇನ್ನೊಂದರ ಬೆರಳ ಗೆಣ್ಣುಗಳು ಒಳಗೆ ದೂಡುತ್ತಿದ್ದವು. ನೆನೆದ ಬಟ್ಟೆ ಹಿಂಡಿದ ಹಾಗೆ ಸಣ್ಣ ಸದ್ದು. ತೊಗಲು ಉಣ್ಣೆಯ ಅಂಗಿ ಕಳಚಿದ ಹಾಗೆ ತಿರುವಿಕೊಂಡು ಕೆಳಗಿಳಿಯಿತು. ಕೂದಲಿಗೆ ಮುಟ್ಟಿದ ಕೈ ಮಾಂಸಕ್ಕೆ ಮುಟ್ಟಲಿಲ್ಲ, ಮಾಂಸಕ್ಕೆ ಮುಟ್ಟಿದ್ದು ಕೂದಲಿಗೆ ಮುಟ್ಟಲಿಲ್ಲ. ಚಾಕು ಹಲ್ಲು ಬಿಟ್ಟು ಕೆಳಗಿಳಿದದ್ದನ್ನು ಎಣಿಸಿದೆ, ಏಳೇ ಸಲ. ಎರಡು ಬೀಡಿ ಸೇದುವಷ್ಟು ಹೊತ್ತಿನಲ್ಲಿ ಮುಗಿಯಿತು.

“ಹೊಟ್ಟಿಗೆ ನನ್ನ ಚಾಕು ನೋಡು ಮುತ್ಯಾ,” ಎಂದು ಅಳಿಯ ಕೊಕ್ಕೆಯದನ್ನು ಮುಂದೆ ಹಿಡಿದ.

ಮುತ್ಯಾ ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡ. ತೂಕ ನೋಡಿದ, ಕೊಕ್ಕೆಯಲ್ಲಿ ಬೆರಳಾಡಿಸಿದ, ಹೇಳಿಕೊಟ್ಟ ಹಾಗೇ ಎಳೆದ. ಒಂದು ಗೇಣು ಚಂದಾಗಿ ಬಿಚ್ಚಿಕೊಂಡಿತು. ಆಮೇಲೆ ಕೊಕ್ಕೆಯ ಸಂದಿಯಲ್ಲಿ ಕೊಬ್ಬು ತುಂಬಿ ಜಗ್ಗಿದರೂ ಹೋಗಲಿಲ್ಲ. ಮುತ್ಯಾ ಏನೂ ಅನ್ನದೆ ತನ್ನ ಚಾಕು ತೆಗೆದು, ಎಡಗೈಯ ಎರಡು ಬೆರಳನ್ನು ಹೊಟ್ಟೆಯ ಒಳಗಿಟ್ಟು ಕವೆ ಮಾಡಿ, ಬೆರಳ ನಡುವೆ ಅಲಗನ್ನು ಬಾಯಿ ಮೇಲಾಗಿ ಇಟ್ಟು ಸರ್ರನೆ ಎದೆಯ ತನಕ ಇಳಿಸಿದ. ಕರುಳು ಬೆರಳ ಹಿಂದೆ ಸುರಕ್ಷಿತವಾಗಿತ್ತು.

“ಕೊಕ್ಕಿ ನಮಗ ದೇವ್ರ ಕೊಟ್ಟಾನಪ್ಪ,” ಎಂದು ಆ ಎರಡು ಬೆರಳು ತೋರಿಸಿದ. “ಅದಿರ್ಲಿ, ಇದರ ಬಾಯಿ ಹೋದ್ರ ಒಳಗ ಹ್ಯಾಂಗ ಮಸೀತಿ?”

ಅಳಿಯನ ಹತ್ತಿರ ಉತ್ತರ ಇರಲಿಲ್ಲ. ಅವನ ಊರಿನಲ್ಲಿ ಅದಕ್ಕೆ ಬೇರೆಯೇ ದುಂಡನೆಯ ಅರ ಮಾರುತ್ತಾರಂತೆ, ಇವನು ಕೊಂಡಿರಲಿಲ್ಲ.

ಎರಡನೆಯ ಟಗರನ್ನು ತಾನು ಸುಲಿಯುತ್ತೇನೆಂದು ಹಟ ಹಿಡಿದ. ಮಾನ್ವಿಯ ಹೊಸ ಚಾಕು ಕೈಯಲ್ಲಿ. ಕೊಯ್ಯುವುದನ್ನು ಕಲಿತವನಿಗೆ ಕೊಯ್ಯದೇ ಇರುವುದು ಬಹಳ ಕಷ್ಟ. ಮುಷ್ಟಿ ಹಾಕಬೇಕಾದಲ್ಲೆಲ್ಲ ಅಲಗು ಹಾಕಿದ. ಅರ್ಧ ತಾಸಿಗಲ್ಲ, ಮುಕ್ಕಾಲು ತಾಸಿಗೆ ಮುಗಿಸಿ, ಬೆವರು ಸುರಿಸಿಕೊಂಡು, ಮೊಣಕೈ ತನಕ ಕೂದಲು ಮೆತ್ತಿಕೊಂಡು ನಿಂತ. ಹೆಂಗಸರು ಆ ಮಾಂಸವನ್ನು ಮೂರು ಸಲ ತೊಳೆದರು.

ಮುತ್ಯಾ ಎರಡೂ ತೊಗಲುಗಳನ್ನು ಒಂದಾದ ಮೇಲೊಂದು ಎತ್ತಿ ಬಿಸಿಲಿಗೆ ಹಿಡಿದ. ತನ್ನದು ಹಾಗೇ ಕೆಂಪಗೆ ಬೆಳಗಿತು. ಅಳಿಯನದರಲ್ಲಿ ಆರು ಕಡೆ ಬಿಸಿಲು ತೂರಿ ಬಂದು ನೆಲದ ಮೇಲೆ ಕಾಸಿನಗಲ ಬೆಳಕು ಬಿತ್ತು. “ಆಕಾಶ ನೋಡ್ದಂಗ ಅದ,” ಅಂದ. ಮೊದಲಾಗಿದ್ದರೆ ಒಂದೊಂದು ತೂತಿಗೂ ತೊಗಲಿನ ಸಾಹುಕಾರ ದುಡ್ಡು ಮುರಿದುಕೊಳ್ಳುತ್ತಿದ್ದ. ಡೊಳ್ಳಿಗಂತೂ ಬೇಡವೇ ಬೇಡ, ತೂತಿನ ತೊಗಲು ಬಿಗಿದರೆ ಹರಿಯುತ್ತದೆ. ಈಗ ತೊಗಲಿನ ರೇಟೇ ಬಿದ್ದುಹೋಗಿದೆ. ತೂತಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ, ಎಷ್ಟೋ ಸಲ ಒಯ್ಯುವವರೇ ಬರುವುದಿಲ್ಲ. ಹಾಗಿದ್ದೂ ಮುತ್ಯಾ ತನ್ನ ತೊಗಲಿಗೆ ಉಪ್ಪು ಸವರಿ, ಮಡಿಸಿ, ನೆರಳಿಗಿಟ್ಟ. ಅಳಿಯನದಕ್ಕೂ ಸವರಿದ.

ಉಂಡು ಎಲೆಯಡಿಕೆ ಹಾಕಿಕೊಳ್ಳುವಾಗ ಕೇಳಿದೆ, “ಮುತ್ಯಾ, ಖರೇ ಹೇಳು. ಅಮೆರಿಕಾದ ಚಾಕು ಹ್ಯಾಂಗದ?”

ಮುತ್ಯಾ ಸುಣ್ಣ ಹಚ್ಚುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದ. “ಚಲೋ ಅದ. ಗಡಿಬಿಡಿ ಮನಷ್ಯಾಗಂತ ಮಾಡ್ಯಾರ.”

ಅಳಿಯ ಹೋಗುವಾಗ ಮಾನ್ವಿಯ ಚಾಕುವನ್ನೇ ಒಯ್ದ. ನವೆಂಬರಿನಲ್ಲಿ ಫೋನು ಮಾಡಿದ್ದ: ಒಂದು ವಾರ ಎಣ್ಣೆ ಸವರಲು ಮರೆತದ್ದಕ್ಕೆ ತುಕ್ಕು ಹಿಡಿದಿತ್ತಂತೆ, ತಿಕ್ಕಿ ತೆಗೆದನಂತೆ, ಈ ವರ್ಷದ ಜಿಂಕೆಯ ತೊಗಲಿನಲ್ಲಿ ಎರಡೇ ತೂತು. ಮುತ್ಯಾನಿಗೆ ತಿಳಿಸಲು ಹೇಳಿದ. ತಿಳಿಸಿದೆ. “ಎರಡ್ಯಾಕ?” ಅಂದ.

ಕೊಕ್ಕೆಯ ಚಾಕು ನಮ್ಮ ಮನೆಯಲ್ಲೇ ಇದೆ. ಉಳ್ಳಾಗಡ್ಡಿ ಹೆಚ್ಚಲು ಬರುವುದಿಲ್ಲ, ಅಲಗು ದಪ್ಪ. ಆದರೆ ಮಾನ್ವಿಯಿಂದ ಬರುವ ಇಪ್ಪತ್ತೈದು ಕಿಲೋ ಸೋನಾ ಮಸೂರಿ ಚೀಲದ ಬಾಯಿಗೆ ಮಷೀನಿನಲ್ಲಿ ಹಾಕಿದ ಹೊಲಿಗೆ ಇರುತ್ತದಲ್ಲ, ಯಾವ ದಾರ ಜಗ್ಗಿದರೆ ಬಿಚ್ಚುತ್ತದೆಂದು ಗಂಡಹೆಂಡತಿ ಜಗಳಾಡುವುದು? ಆ ಕೊಕ್ಕೆ ಸಿಕ್ಕಿಸಿ ಎಳೆದರೆ ಒಂದೇ ಎಳೆತಕ್ಕೆ ಈ ತುದಿಯಿಂದ ಆ ತುದಿಗೆ ಬಿಚ್ಚಿಕೊಳ್ಳುತ್ತದೆ. ಅಕ್ಕಿ ಒಂದು ಕಾಳೂ ಚೆಲ್ಲುವುದಿಲ್ಲ.